ಮದಲಿಂಗ ತಡಮಾಡಿದರೆ?

ಈ ತಿಂಗಳ ಪತ್ರಗಳನ್ನು ಓದುತ್ತಾ ಕೂತಾಗ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: "ಸಿದ್ಧ". ನಾನು ಸಿದ್ಧವಾಗಿಲ್ಲ ಸಿಸ್ಟರ್, ಸಿದ್ಧವಾಗಿರುವುದು ಹೇಗೆ ಸಿಸ್ಟರ್, ನಮ್ಮ ಯಜಮಾನರು ಸಿದ್ಧವಾಗಿಲ್ಲ, ಅವರಿಗೆ ಸ್ವಲ್ಪ ಹೇಳಿ ಸಿಸ್ಟರ್. ಹಾಗಾಗಿ ಈ ಸಲ ಅದೇ ಪತ್ರಗಳನ್ನು ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ದೇವಶಾಸ್ತ್ರ ಓದಿದವಳಲ್ಲ. 31 ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಜಾಸ್ತಿ ನೈಟ್ ಡ್ಯೂಟಿ. ಉತ್ತರಗಳಲ್ಲಿ ವಾರ್ಡಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮತ್ತಾಯ 25ರ ಹತ್ತು ಕನ್ಯೆಯರ ಸಾಮ್ಯ ಓದಿದಾಗಲೆಲ್ಲ ನನಗೆ ಬುದ್ಧಿವಂತೆಯರ ಮೇಲೆಯೇ ಸಿಟ್ಟು ಬರುತ್ತದೆ. ಸ್ವಲ್ಪ ಎಣ್ಣೆ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇಷ್ಟಕ್ಕೂ ಆ ಎಣ್ಣೆ ಅಂದರೆ ಏನು? ಒಬ್ಬರು ಪವಿತ್ರಾತ್ಮ ಅನ್ನುತ್ತಾರೆ, ಇನ್ನೊಬ್ಬರು ಒಳ್ಳೆಯ ಕ್ರಿಯೆಗಳು ಅನ್ನುತ್ತಾರೆ.

ಕಥೆ ಗೊತ್ತಿಲ್ಲದವರಿಗೆ ಒಂದು ಮಾತು: ಮದಲಿಂಗನನ್ನು, ಅಂದರೆ ಮದುಮಗನನ್ನು, ಎದುರುಗೊಳ್ಳಲು ಹತ್ತು ಕನ್ಯೆಯರು ದೀಪ ಹಿಡಿದು ಕಾದರು. ನಡುರಾತ್ರಿ ಅವನು ಬಂದ ಎಂದು ಕೂಗು ಕೇಳಿದಾಗ ಐವರ ಎಣ್ಣೆ ಮುಗಿಯುತ್ತಿತ್ತು, ಉಳಿದ ಐವರು, ಬುದ್ಧಿವಂತೆಯರು, ತಮ್ಮ ಎಣ್ಣೆ ಕೊಡಲಿಲ್ಲ. ನಿಮ್ಮ ಸಿಟ್ಟು ನನಗೂ ಇತ್ತು. ಅದು ಹೋದದ್ದು ಸಭೆಯಲ್ಲಿ ಅಲ್ಲ, ಡ್ಯೂಟಿಯಲ್ಲಿ.

ಪ್ರತಿ ವಾರ್ಡಿನಲ್ಲೂ ಒಂದು ಎಮರ್ಜೆನ್ಸಿ ಟ್ರಾಲಿ ಇರುತ್ತದೆ. ಯಾರಿಗಾದರೂ ಉಸಿರು ನಿಂತರೆ, ಎದೆಬಡಿತ ನಿಂತರೆ, ಬೇಕಾದ್ದೆಲ್ಲ ಅದರಲ್ಲಿ. ಅಡ್ರಿನಲಿನ್, ಅಟ್ರೋಪಿನ್, ಸಿರಿಂಜು, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಲ್ಯಾರಿಂಗೋಸ್ಕೋಪ್. ಈ ಲ್ಯಾರಿಂಗೋಸ್ಕೋಪ್ ಅಂದರೆ ಗಂಟಲೊಳಗೆ ಟ್ಯೂಬ್ ಹಾಕುವಾಗ ದಾರಿ ಕಾಣಿಸುವ ಸಾಧನ. ಹಿಡಿಯಲ್ಲಿ ಬ್ಯಾಟರಿ, ತುದಿಯ ಹತ್ತಿರ ಪುಟ್ಟ ಬಲ್ಬ್. ಒಂದು ಥರದ ದೀಪವೇ ಅನ್ನಿ. ಪ್ರತಿ ಶಿಫ್ಟ್ ಶುರುವಾದಾಗ ಅದನ್ನು ಬಿಚ್ಚಿ, ಬೆಳಕು ಬರುತ್ತಾ ನೋಡಿ, ರಿಜಿಸ್ಟರಿನಲ್ಲಿ ಟಿಕ್ ಹಾಕಬೇಕು.

ನೂರು ರಾತ್ರಿ ನೋಡುತ್ತೀರಿ, ನೂರು ರಾತ್ರಿಯೂ ಬೆಳಕು ಬರುತ್ತದೆ. ನೂರ ಒಂದನೇ ರಾತ್ರಿ ಕೈ ತಾನಾಗಿಯೇ ಟಿಕ್ ಹಾಕಿಬಿಡುತ್ತದೆ. ನಾನು ಹಾಗೇ ಹಾಕಿದ್ದೆ. ಮೂರು ಗಂಟೆ ಹೊತ್ತಿಗೆ ಆರನೇ ಬೆಡ್ಡಿನವರಿಗೆ ಉಸಿರು ನಿಂತಿತು. ಡಾಕ್ಟರು ಓಡಿ ಬಂದರು, ಕೈ ಚಾಚಿದರು, ಕೊಟ್ಟೆ. ಬಿಚ್ಚಿದರೆ ಕತ್ತಲು. ಹಿಡಿಯನ್ನು ಎರಡು ಸಲ ಅಂಗೈಗೆ ಬಡಿದರು. ಮತ್ತೂ ಕತ್ತಲು. ಅವರು ನನ್ನ ಮುಖ ನೋಡಲಿಲ್ಲ, ಅದೇ ದೊಡ್ಡ ಪುಣ್ಯ. ಜೊತೆಯವಳು ಆಂಬು ಬ್ಯಾಗ್ ಒತ್ತುತ್ತಿದ್ದಳು, ನಾನು ಪಕ್ಕದ ವಾರ್ಡಿಗೆ ಓಡಿದೆ. ಅಲ್ಲಿನ ಸಿಸ್ಟರ್ ಒಂದು ಮಾತೂ ಕೇಳದೆ ತನ್ನ ಟ್ರಾಲಿಯದನ್ನು ತೆಗೆದುಕೊಟ್ಟಳು. ಆ ಮನುಷ್ಯ ಉಳಿದರು.

"ನೋಡಿ, ಅವಳು ಕೊಟ್ಟಳಲ್ಲ" ಅನ್ನುತ್ತೀರಿ. ಹೌದು, ಕೊಟ್ಟಳು. ಬೆಳಗಿನ ತನಕ ನನ್ನನ್ನು ಕಾಡಿದ್ದು ಅದೇ. ಅದೇ ಗಳಿಗೆಯಲ್ಲಿ ಅವಳ ವಾರ್ಡಿನಲ್ಲೂ ಒಬ್ಬರಿಗೆ ಉಸಿರು ನಿಂತಿದ್ದರೆ? ಆಗ ಅವಳು "ಇಲ್ಲ" ಅನ್ನಲೇಬೇಕಿತ್ತು. ಆ "ಇಲ್ಲ" ಜಿಪುಣತನ ಆಗುತ್ತಿರಲಿಲ್ಲ. ಇದ್ದದ್ದೇ ಒಂದು ದೀಪ. ನಮಗೂ ನಿಮಗೂ ಸಾಲದೆ ಹೋದೀತು ಎಂದು ಆ ಐವರು ಹೇಳಿದ್ದೂ ಇದನ್ನೇ. ಮೆರವಣಿಗೆ ಅರ್ಧ ದಾರಿಗೆ ಬಂದಾಗ ಹತ್ತೂ ದೀಪ ಆರಿದರೆ ಮದಲಿಂಗನಿಗೆ ಯಾರು ಬೆಳಕು ತೋರಿಸಬೇಕು?

ಈ ಸಾಮ್ಯದಲ್ಲಿ ನಾವು ಓದಿಯೂ ಓದದ ಒಂದು ಮಾತಿದೆ. ಐದನೇ ವಚನ ತೆಗೆದು ನೋಡಿ. ಮದಲಿಂಗ ತಡಮಾಡಿದಾಗ ಹತ್ತೂ ಮಂದಿ ತೂಕಡಿಸಿ ಮಲಗಿದರು. ಹತ್ತೂ! ಬುದ್ಧಿವಂತೆಯರು ಎಚ್ಚರವಾಗಿದ್ದರು, ಬುದ್ಧಿಯಿಲ್ಲದವರು ನಿದ್ದೆ ಹೋದರು ಎಂದು ಎಷ್ಟೋ ಪ್ರಸಂಗದಲ್ಲಿ ಕೇಳಿದ್ದೇನೆ. ಹಾಗೆ ಬರೆದೇ ಇಲ್ಲ. ನಿದ್ದೆ ಮಾಡಿದ್ದಕ್ಕೆ ಯಾರಿಗೂ ಬೈಗುಳ ಸಿಗಲಿಲ್ಲ. ಇನ್ನೊಂದು, ಐವರ ದೀಪ "ಆರಿಹೋಗುತ್ತಿದೆ" ಅಂದರೆ ಅಲ್ಲಿಯ ತನಕ ಉರಿಯುತ್ತಿತ್ತು ಅಂತ ತಾನೆ? ಅವರೂ ಸಿದ್ಧವಾಗಿಯೇ ಬಂದಿದ್ದರು. ಆದರೆ ಮದಲಿಂಗ ಬೇಗ ಬಂದರೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಉಳಿದ ಐವರು ಪಾತ್ರೆಯಲ್ಲಿ ಎಣ್ಣೆ ತಂದಿದ್ದರು, ತಡವಾದರೆ ಇರಲಿ ಎಂದು.

ಎಣ್ಣೆ ಅಂದರೆ ಏನು ಎಂದು ಯೇಸು ಬಿಡಿಸಿ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅದು ಏನೂ ನಡೆಯದ ರಾತ್ರಿಗಳಲ್ಲಿ ಬಲ್ಬ್ ಹತ್ತಿಸಿ ನೋಡುವುದು. ಯಾರೂ ಸಾಯದಿದ್ದಾಗ, ಯಾರೂ ನೋಡದಿದ್ದಾಗ, ಬೇಜಾರು ಬಂದಾಗ. ಅದನ್ನು ಕೂಗು ಕೇಳಿದ ಮೇಲೆ ಸಾಲ ತರಲು ಆಗುವುದಿಲ್ಲ.

ಪ್ರಶ್ನೆ: ಪ್ರತಿ ಹೊಸ ವರ್ಷಕ್ಕೂ ಬೆಳಿಗ್ಗೆ 4ಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ, ನಾಲ್ಕು ಅಧ್ಯಾಯ ಓದು ಎಂದು ತೀರ್ಮಾನಿಸುತ್ತೇನೆ. ಎರಡನೇ ವಾರಕ್ಕೆ ನಿಲ್ಲುತ್ತದೆ. ಮೊಣಕಾಲೂರಿದರೆ ನಿದ್ದೆ. ನಿದ್ದೆ ಬರದಿದ್ದರೆ ಆಫೀಸಿನ ಯೋಚನೆ. ನನ್ನ ಭಕ್ತಿಯೇ ಸುಳ್ಳು ಅನ್ನಿಸಿಬಿಟ್ಟಿದೆ.

ಭಕ್ತಿ ಸುಳ್ಳಲ್ಲ, ಲೆಕ್ಕ ತಪ್ಪು.

ಹತ್ತು ದಿನ ಮಲಗಿದ್ದ ರೋಗಿಯನ್ನು ಎಬ್ಬಿಸುವಾಗ ನಾವು ಏನು ಮಾಡುತ್ತೇವೆ ಗೊತ್ತಾ? ಮೊದಲ ದಿನ ಹಾಸಿಗೆ ಅಂಚಿನಲ್ಲಿ ಕೂರಿಸಿ ಕಾಲು ಇಳಿಬಿಡಿಸುತ್ತೇವೆ, ಅಷ್ಟೇ. ತಲೆ ಸುತ್ತುತ್ತಾ ಕೇಳುತ್ತೇವೆ. ಮಾರನೇ ದಿನ ನಿಲ್ಲಿಸುತ್ತೇವೆ. ಆಮೇಲೆ ಕುರ್ಚಿ ತನಕ ಮೂರು ಹೆಜ್ಜೆ. ಮೊದಲ ದಿನವೇ "ಬನ್ನಿ, ಕಾರಿಡಾರ್ ಸುತ್ತೋಣ" ಎಂದರೆ ಆ ಮನುಷ್ಯ ಬಿದ್ದು, ಮತ್ತೆ ಹದಿನೈದು ದಿನ ಏಳುವುದಿಲ್ಲ. ಭಯ ಹಿಡಿಯುತ್ತದೆ. ನೀವು ಪ್ರತಿ ಜನವರಿಯಲ್ಲೂ ನಿಮ್ಮನ್ನು ಹೀಗೆ ಬೀಳಿಸಿಕೊಳ್ಳುತ್ತಿದ್ದೀರಿ.

ಹತ್ತು ನಿಮಿಷ ಸಾಕು. ಒಂದೇ ಜಾಗ, ಒಂದೇ ಹೊತ್ತು. 4 ಗಂಟೆಯೇ ಆಗಬೇಕೆಂದಿಲ್ಲ. ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ, ನಿಮ್ಮ ಕಿವಿಗೆ ಬೀಳುವಷ್ಟು. ಅದರಲ್ಲಿ ಒಂದು ಸಾಲು ಹಿಡಿದುಕೊಂಡು ಮಾತಾಡಿ. ದಿನಕ್ಕೊಂದರಂತೆ 150 ಕೀರ್ತನೆ ಮುಗಿಯಲು ಐದು ತಿಂಗಳು. ಆಮೇಲೆ ಜಾಸ್ತಿ ಮಾಡುವ ಯೋಚನೆ ಮಾಡಿ. 119ನೇ ಕೀರ್ತನೆ ಬಂದಾಗ ಹೆದರಬೇಡಿ. ಅದಕ್ಕೆ 176 ವಚನ, ಎಂಟೆಂಟರ ಕಟ್ಟಾಗಿ 22 ದಿನ ಓದಿ. ಆಗ ಮೂರು ವಾರ ಜಾಸ್ತಿ ಹಿಡಿದರೆ ಹಿಡಿಯಲಿ, ಯಾರೂ ಪರೀಕ್ಷೆ ಇಟ್ಟಿಲ್ಲ.

ಮನಸ್ಸು ಓಡುವುದರ ಬಗ್ಗೆ. 1535ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕನಿಗಾಗಿ ಪ್ರಾರ್ಥನೆ ಮಾಡುವುದು ಹೇಗೆ ಎಂದು ಒಂದು ಸಣ್ಣ ಪುಸ್ತಕ ಬರೆದುಕೊಟ್ಟರು. ಪೀಟರ್ ಎಂದು ಅವನ ಹೆಸರು. ಅದರಲ್ಲಿ ಲೂಥರ್ ಹೇಳುವ ಉಪಮೆ ಅವನ ಕಸುಬಿನದೇ: ಕ್ಷೌರಿಕನ ಕಣ್ಣು, ಮನಸ್ಸು ಕತ್ತಿಯ ಮೇಲೆ ಇರಬೇಕು, ಮಾತಾಡುತ್ತಾ ಎಲ್ಲೋ ನೋಡಿದರೆ ಗಿರಾಕಿಯ ಮೂಗೋ ಕತ್ತೋ ಕುಯ್ದೀತು. ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ. "ಇನ್ನೊಂದು ಗಂಟೆ ಬಿಟ್ಟು ಪ್ರಾರ್ಥನೆ ಮಾಡ್ತೀನಿ, ಮೊದಲು ಇದೊಂದು ಕೆಲಸ ಮುಗಿಸಿಬಿಡ್ತೀನಿ" ಎನ್ನುವ ಯೋಚನೆಯನ್ನು ನಂಬಬೇಡ ಅಂತ. ಐನೂರು ವರ್ಷ ಹಳೆಯ ಮಾತು, ನೆನ್ನೆ ನನ್ನನ್ನು ನೋಡಿ ಬರೆದ ಹಾಗಿದೆ.

ಆ ಪೀಟರನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷ ಈಸ್ಟರಿನ ಹಿಂದಿನ ದಿನ ಊಟದ ಮೇಜಿನಲ್ಲಿ ಅವನು ತನ್ನ ಅಳಿಯನನ್ನೇ ಇರಿದು ಕೊಂದ. ಲೂಥರ್ ಮಧ್ಯೆ ಬಂದು ಮಾತಾಡಿದರು, ಮರಣದಂಡನೆ ತಪ್ಪಿ ಗಡೀಪಾರಾಯಿತು. ಪ್ರಾರ್ಥನೆ ಕಲಿಸಿದ ಪುಸ್ತಕ ಇದ್ದೂ ಹೀಗಾಯಿತಾ ಎಂದು ಕೇಳಬಹುದು. ಕೇಳಿ. ನಾನೂ ಕೇಳಿಕೊಂಡಿದ್ದೇನೆ. ಶಿಸ್ತನ್ನು ತಾಯಿತದ ಥರ ಕಟ್ಟಿಕೊಳ್ಳುವವರಿಗೆ ಈ ಕಥೆ ಹೇಳುತ್ತಿರುತ್ತೇನೆ.

ನಿದ್ದೆ ಬಂದರೆ ಎದ್ದು ನಿಲ್ಲಿ, ನಡೆಯಿರಿ. ಈಜಿಪ್ಟಿನ ಮರುಭೂಮಿಯಲ್ಲಿದ್ದ ಅಂತೋಣಿ ಎಂಬ ಸನ್ಯಾಸಿಗೂ ಒಂದು ದಿನ ಹೀಗೇ ಬೇಸರ ಮುತ್ತಿಕೊಂಡಿತಂತೆ. ಪ್ರಾರ್ಥನೆ ಬೇಡ, ಏನೂ ಬೇಡ. ಹೊರಗೆ ಬಂದು ನೋಡಿದರೆ ತನ್ನಂತೆಯೇ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸುತ್ತಾನೆ. ಮತ್ತೆ ಕೂತು ಹೆಣೆಯುತ್ತಾನೆ, ಮತ್ತೆ ಏಳುತ್ತಾನೆ. ಅದು ದೇವದೂತ, ಹೀಗೆ ಮಾಡು ಎಂದು ತೋರಿಸಲು ಬಂದದ್ದು ಎಂದು ಕಥೆ. ಕೂತು ಕೂತು ಜಡವಾದವರಿಗೆ ದೇವದೂತ ಉಪದೇಶ ಮಾಡಲಿಲ್ಲ, ಹಗ್ಗ ಹೆಣೆದು ತೋರಿಸಿದ. ನನಗೆ ಇಷ್ಟವಾದದ್ದು ಅದು.

ಒಂದು ದಿನ ತಪ್ಪಿದರೆ ಮಾರನೇ ದಿನ ಹತ್ತೇ ನಿಮಿಷ ಮಾಡಿ. ಬಾಕಿ ತೀರಿಸಲು ಇಪ್ಪತ್ತು ಮಾಡಬೇಡಿ. ತಪ್ಪಿದ ಮಾತ್ರೆಗೆ ಎರಡು ಮಾತ್ರೆ ನುಂಗಬೇಡಿ ಎಂದು ಎಷ್ಟು ಜನರಿಗೆ ಹೇಳಿದ್ದೇನೋ!

ಪ್ರಶ್ನೆ: ಮೊಬೈಲಿನಲ್ಲಿ ಸತ್ಯವೇದ ಓದಿದರೆ ನಡೆಯುತ್ತದೆಯೇ? ನಮ್ಮ ಹಿರಿಯರು ಬೇಡ ಅನ್ನುತ್ತಾರೆ.

ನಡೆಯುತ್ತದೆ. ಆದರೆ ಓದುವಾಗ ಇಂಟರ್ನೆಟ್ ಆಫ್ ಮಾಡಿ. ನಾನು ಮಾಡದೆ ಒಮ್ಮೆ ರೋಮಾಪುರದವರಿಗೆ ಬರೆದ ಪತ್ರದಿಂದ ನೇರ ಯಾರದೋ ಮದುವೆ ಫೋಟೋಗಳಿಗೆ ಹೋಗಿ, ಮುಕ್ಕಾಲು ಗಂಟೆ ಅಲ್ಲೇ ಇದ್ದೆ.

ಪ್ರಶ್ನೆ: ನಮ್ಮ ಸಭೆಯಲ್ಲಿ 21 ದಿನದ ಉಪವಾಸ ಪ್ರಾರ್ಥನೆ ಇಟ್ಟಿದ್ದಾರೆ. ನನಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ತೇನೆ. ನಂಬಿಕೆ ಇದ್ದರೆ ಏನೂ ಆಗುವುದಿಲ್ಲ ಎಂದು ಒಬ್ಬರು ಹೇಳಿದರು. ಮಾಡದಿದ್ದರೆ ನಾನೊಬ್ಬಳೇ ಹಿಂದುಳಿದಂತೆ ಆಗುತ್ತದೆ.

ತಾಯಿ, ನಿಮ್ಮ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ಇದು ನರ್ಸ್ ಹೇಳುವ ಮಾತು, ಅಂಕಣಕಾರ್ತಿ ಹೇಳುವ ಮಾತಲ್ಲ. ಇನ್ಸುಲಿನ್ ಒಳಗೆ ಹೋಗಿ ಊಟ ಹೋಗದಿದ್ದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲು, ಏನು ಹೇಳುತ್ತಿದ್ದೇವೆ ಎಂದು ನಮಗೇ ಗೊತ್ತಾಗದ ಸ್ಥಿತಿ. ಪ್ರಾರ್ಥನಾ ಕೂಟದಲ್ಲಿ ಇದನ್ನೇ ಪವಿತ್ರಾತ್ಮನ ಅಭಿಷೇಕ ಎಂದುಕೊಂಡು ಸುತ್ತ ನಿಂತು ಹಾಡುತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹೆಂಗಸಿಗೆ ಬೇಕಾಗಿದ್ದದ್ದು ನಾಲ್ಕು ಚಮಚ ಸಕ್ಕರೆ. ಹಾಗಂತ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸುವ ಯೋಚನೆಯೂ ಬೇಡ, ಅದು ಇನ್ನೂ ಅಪಾಯ.

ಉಪವಾಸ ಒಳ್ಳೆಯದಲ್ಲ ಎಂದು ನಾನು ಹೇಳುತ್ತಿಲ್ಲ. ಯೇಸು "ನೀವು ಉಪವಾಸ ಮಾಡುವಾಗ" ಎಂದೇ ಹೇಳಿದ್ದು, "ಮಾಡಿದರೆ" ಎಂದಲ್ಲ. ಮೊದಲ ಕಾಲದ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಇರುತ್ತಿದ್ದರು, ಅದು ಹಳೆಯ ಬರಹದಲ್ಲಿ ಇದೆ. ಆದರೆ ಶಿಸ್ತಿಗೆ ಹೆಸರಾದ ಸಂತ ಬೆನೆಡಿಕ್ಟ್ ಸುಮಾರು 1500 ವರ್ಷ ಹಿಂದೆ ತಮ್ಮ ಮಠಕ್ಕೆ ನಿಯಮ ಬರೆದಾಗ ಕಾಯಿಲೆಯವರಿಗೆ ಮಾಂಸ ಕೊಡಿ, ಸ್ನಾನ ಮಾಡಿಸಿ, ಎಲ್ಲಕ್ಕಿಂತ ಮೊದಲು ಅವರನ್ನು ನೋಡಿಕೊಳ್ಳಿ ಎಂದು ಬರೆದರು. ಉಳಿದ ಸನ್ಯಾಸಿಗಳಿಗೆ ನಾಲ್ಕು ಕಾಲಿನ ಪ್ರಾಣಿಯ ಮಾಂಸ ಇಲ್ಲ. ಕಾಯಿಲೆಯವರಿಗೆ ಉಂಟು.

ಯೆಶಾಯ 58 ಓದಿ. ಅಲ್ಲಿ ದೇವರು ಮೆಚ್ಚುವ ಉಪವಾಸ ಹಸಿದವರಿಗೆ ಅನ್ನ ಹಂಚುವುದು, ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುವುದು. ಅದಕ್ಕೆ ಶುಗರ್ ಅಡ್ಡ ಬರುವುದಿಲ್ಲ. ಇನ್ನು ನೀವೊಬ್ಬರೇ ಹಿಂದುಳಿಯುತ್ತೀರಿ ಎನ್ನುವ ಮಾತು. ಉಪವಾಸ ಮಾಡುವಾಗ ಯಾರಿಗೂ ಗೊತ್ತಾಗದ ಹಾಗೆ ಮುಖ ತೊಳೆದುಕೋ ಎಂದು ಯೇಸು ಹೇಳಿದ್ದನ್ನು ಎಲ್ಲರೂ ಪಾಲಿಸಿದ್ದರೆ ಯಾರು ಮುಂದೆ, ಯಾರು ಹಿಂದೆ ಎಂದು ನಿಮಗೆ ಗೊತ್ತಾಗುವ ಸಂಭವವೇ ಇರಲಿಲ್ಲ, ಅಲ್ವಾ?

ಪ್ರಶ್ನೆ: ಮಕ್ಕಳು ಬೆಳಗಿನ ಮನೆ ಪ್ರಾರ್ಥನೆಗೆ ಏಳುವುದಿಲ್ಲ. ಯಜಮಾನರು ಬೈದು ಎಬ್ಬಿಸುತ್ತಾರೆ. ಪ್ರಾರ್ಥನೆ ಶುರುವಾಗುವುದೇ ಅಳುವಿನಿಂದ.

ಬೆನೆಡಿಕ್ಟರ ನಿಯಮದಲ್ಲಿ ಸನ್ಯಾಸಿಗಳು ಮಲಗುವ ಬಗ್ಗೆಯೇ ಒಂದು ಅಧ್ಯಾಯ ಇದೆ, 22ನೆಯದು. ತೊಟ್ಟ ಬಟ್ಟೆಯಲ್ಲೇ, ನಡು ಕಟ್ಟಿಕೊಂಡೇ ಮಲಗಬೇಕು, ಕರೆ ಬಂದ ತಕ್ಷಣ ಏಳಲು. ಆದರೆ ಸೊಂಟದಲ್ಲಿ ಚಾಕು ಇರಬಾರದು, ನಿದ್ದೆಯಲ್ಲಿ ಚುಚ್ಚಿಕೊಂಡಾರು! ಕೊನೆಯಲ್ಲಿ ಒಂದು ಸಾಲು: ಎದ್ದವರು ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಲಿ, ಯಾಕೆಂದರೆ ನಿದ್ದೆಗಣ್ಣಿನವರು ನೆಪ ಹೇಳುತ್ತಾರೆ. ಮಠದಲ್ಲಿ ಬೆಳೆದ ಗಂಡಸರಿಗೇ "ಮೆಲ್ಲಗೆ" ಬೇಕಾಗಿತ್ತು. ಯಜಮಾನರಿಗೆ ಈ ಉತ್ತರ ತೋರಿಸಿ. ಅದೂ ಆಗದಿದ್ದರೆ ಪ್ರಾರ್ಥನೆಯನ್ನು ರಾತ್ರಿ ಊಟಕ್ಕೆ ಮೊದಲು ಇಟ್ಟುಕೊಳ್ಳಿ. ಹಸಿವು ಇರುವುದರಿಂದ ಯಾರೂ ಉದ್ದ ಮಾಡುವುದಿಲ್ಲ.

ಪ್ರಶ್ನೆ: ರಕ್ಷಣೆ ಕೃಪೆಯಿಂದ ಎಂದ ಮೇಲೆ ಈ ನೇಮ, ಟೈಮ್‌ಟೇಬಲ್ ಎಲ್ಲ ಯಾಕೆ? ಇದು ಮತ್ತೆ ಮೋಶೆಯ ಧರ್ಮಶಾಸ್ತ್ರಕ್ಕೆ ವಾಪಸ್ ಹೋದಂತಲ್ಲವೇ?

ಮರುಭೂಮಿಯಲ್ಲಿ ಮನ್ನ ಎಂಬ ಆಹಾರ ಕೊಟ್ಟವನು ದೇವರು. ಇಸ್ರಾಯೇಲ್ಯರು ಬಿತ್ತಲಿಲ್ಲ, ಉಳಲಿಲ್ಲ. ಆದರೂ ಬೆಳಿಗ್ಗೆ ಬಿಸಿಲೇರುವ ಮೊದಲು ಎದ್ದು, ಬಗ್ಗಿ ಕೂಡಿಸಿಕೊಳ್ಳಬೇಕಿತ್ತು. ಬಗ್ಗಿದ್ದಕ್ಕೆ ಕೂಲಿಯಾಗಿ ಸಿಕ್ಕಿದ್ದಲ್ಲ ಅದು. ಬಗ್ಗದಿದ್ದರೆ ಬಿಸಿಲಿಗೆ ಕರಗಿ ಹೋಗುತ್ತಿತ್ತು, ಅಷ್ಟೇ. ನಾಳೆಗೆ ಇರಲಿ ಎಂದು ಇಟ್ಟರೆ ಹುಳ ಬೀಳುತ್ತಿತ್ತು. ಇಪ್ಪತ್ತು ವರ್ಷದ ಹಿಂದಿನ ಒಂದೇ ಸಾಕ್ಷಿಯನ್ನು ಪ್ರತಿ ಕೂಟದಲ್ಲೂ ಹೇಳುವವರನ್ನು ಕಂಡಾಗ ನನಗೆ ವಿಮೋಚನಕಾಂಡ 16 ನೆನಪಾಗುತ್ತದೆ. ಇದು ಸ್ವಲ್ಪ ಖಾರವಾಯಿತೇನೋ, ಇರಲಿ.

ಪೌಲನೂ ನಿಮ್ಮ ಹಾಗೇ ಕೃಪೆಯ ಮನುಷ್ಯ. ಆದರೆ ತಿಮೊಥೆಯನಿಗೆ ಬರೆಯುವಾಗ ಭಕ್ತಿಯಲ್ಲಿ ಸಾಧನೆ ಮಾಡು ಎನ್ನಲು ಅಖಾಡದ ಪದವನ್ನೇ ಬಳಸಿದ. ಇಂದಿನ "ಜಿಮ್" ಆ ಗ್ರೀಕ್ ಪದದ ಮೊಮ್ಮಗ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಪೌಲ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದವನು. ಬಾಡಿಹೋಗುವ ಎಲೆಯ ಕಿರೀಟಕ್ಕೆ ಅವರು ಇಷ್ಟು ಮೈ ದಂಡಿಸುತ್ತಾರಲ್ಲ ಎಂದು ಆ ಊರಿನವರಿಗೇ ಬರೆದ. ಓಡುವವನು ತನ್ನ ಅಪ್ಪನ ಮಗನಾಗಲು ಅಭ್ಯಾಸ ಮಾಡುವುದಿಲ್ಲ. ಮಗ ಆಗಲೇ ಆಗಿದ್ದಾನೆ. ಓಡಲು ಅಭ್ಯಾಸ ಮಾಡುತ್ತಾನೆ.

ಪ್ರಶ್ನೆ: ಕರ್ತನ ಎರಡನೇ ಬರೋಣ ಇದೇ ವರ್ಷ ಎಂದು ವಿಡಿಯೋಗಳು ಬರುತ್ತಿವೆ, ತಾರೀಖು ಸಮೇತ. ನನ್ನ ಮಗ ಅದನ್ನು ನೋಡಿ ಓದುವುದನ್ನೇ ಬಿಟ್ಟಿದ್ದಾನೆ. "ಸಿದ್ಧನಾಗ್ತಿದ್ದೀನಿ ಅಮ್ಮ" ಅನ್ನುತ್ತಾನೆ.

ಮಗನಿಗೆ 1844ರ ಅಕ್ಟೋಬರ್ 22ರ ಕಥೆ ಹೇಳಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ ಪುಸ್ತಕದಿಂದ ಲೆಕ್ಕ ಹಾಕಿ, ಕರ್ತನು ಬರುವ ಕಾಲ ಹತ್ತಿರವಾಯಿತು ಎಂದು ಸಾರಿದ. ಕೊನೆಗೆ ಅವನ ಹಿಂಬಾಲಕರು ಆ ತಾರೀಖನ್ನು ಗಟ್ಟಿ ಮಾಡಿದರು. ಸಾವಿರಾರು ಜನ ನಂಬಿದರು. ಕೆಲವರು ಹೊಲದಲ್ಲಿ ಬೆಳೆ ಕೊಯ್ಯದೆ ಬಿಟ್ಟರು. ರಾತ್ರಿಯೆಲ್ಲ ಕಾದರು. 23ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಚರಿತ್ರೆಯಲ್ಲಿ ಅದಕ್ಕೆ "ಮಹಾ ನಿರಾಶೆ" ಎಂದೇ ಹೆಸರು. ಅವರು ಕೆಟ್ಟವರಲ್ಲ. ಬೇಗ ಬರುತ್ತಾನೆ ಎನ್ನುವುದಕ್ಕೆ ಪೂರ್ತಿ ಸಿದ್ಧರಾಗಿದ್ದರು. ತಡವಾಗುವುದಕ್ಕೆ ಮಾತ್ರ ಎಣ್ಣೆ ತಂದಿರಲಿಲ್ಲ.

ಥೆಸಲೋನಿಕದ ಸಭೆಯಲ್ಲೂ ಕೆಲವರು ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದರು. ಪೌಲ ಅವರಿಗೆ ಏನು ಬರೆದ ಎಂದು ಎರಡನೇ ಪತ್ರದ ಮೂರನೇ ಅಧ್ಯಾಯದಲ್ಲಿ ಮಗನೇ ಓದಲಿ. ಮೆತ್ತಗಿನ ಮಾತಲ್ಲ ಅದು. ಯಜಮಾನ ಬಂದಾಗ ಯಾವ ಆಳು ಹೊತ್ತುಹೊತ್ತಿಗೆ ಉಳಿದವರಿಗೆ ಊಟ ಬಡಿಸುತ್ತಿರುವನೋ ಅವನೇ ಧನ್ಯ ಎಂದು ಮತ್ತಾಯ 24ರಲ್ಲಿದೆ. ಬಾಗಿಲ ಸಂದಿಯಲ್ಲಿ ಇಣುಕುತ್ತಾ ನಿಂತಿರುವವನು ಎಂದಿಲ್ಲ. ಪರೀಕ್ಷೆಗೆ ಓದುತ್ತಿರುವಾಗ ಕರ್ತನು ಬಂದರೆ ನಿಮ್ಮ ಮಗನಿಗೆ ಏನೂ ನಷ್ಟ ಇಲ್ಲ, ಹಾಲ್‌ಟಿಕೆಟ್ ಹಾಳಾಗುತ್ತದೆ ಅಷ್ಟೇ.

ಪ್ರಶ್ನೆ: ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದು ಕಾಲದಲ್ಲಿ ನಾನು ಸಭೆಯ ಹೆಂಗಸರ ಕೂಟ ನಡೆಸುತ್ತಿದ್ದೆ. ಈಗ ಐದು ನಿಮಿಷ ಕಣ್ಣು ಮುಚ್ಚಿದರೆ ಪ್ರಾರ್ಥನೆ ಅಲ್ಲ, ಗೊರಕೆ. ದೇವರಿಂದ ದೂರ ಹೋಗಿದ್ದೇನೆ.

ಎರಡು ವರ್ಷ ಮಲಗಿದವರ ಬೆನ್ನಿನಲ್ಲಿ ಹುಣ್ಣಿದೆಯೇ? ಪತ್ರದಲ್ಲಿ ನೀವು ಬರೆದಿದ್ದೀರಿ, ಇಲ್ಲ ಎಂದು. ಆ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಆಸ್ಪತ್ರೆಯಲ್ಲಿ ಮೂರು ಶಿಫ್ಟಿನ ನರ್ಸ್‌ಗಳು ಸೇರಿ ಮಾಡಲಾಗದ್ದನ್ನು ನೀವೊಬ್ಬರೇ ಮಾಡುತ್ತಿದ್ದೀರಿ.

ಎಲೀಯನು ಸಾಕಪ್ಪಾ ಸಾಕು ಎಂದು ಮರುಭೂಮಿಯ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದ. ಪ್ರಾರ್ಥನೆ ಮಾಡು ಅನ್ನಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಊಟಕ್ಕೇ ಎಬ್ಬಿಸಿದ. ಆಮೇಲೆ ಉಳಿದ ಮಾತು. ನೀವು ಈಗ ರೊಟ್ಟಿಯ ಹಂತದಲ್ಲಿದ್ದೀರಿ.

ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಏಳು ಸಾರಿ ನಿನ್ನನ್ನು ಕೊಂಡಾಡುತ್ತೇನೆ ಎಂದು ಕೀರ್ತನೆಗಾರ ಹೇಳಿಕೊಂಡ. ಎರಡು ಗಂಟೆಗೊಮ್ಮೆ ಎಂದರೆ ನೀವು ಹನ್ನೆರಡು ಸಲ ಏಳುತ್ತೀರಿ. ಪ್ರತಿ ಸಲ ಅತ್ತೆಯ ಭುಜದ ಕೆಳಗೆ ಕೈ ಹಾಕುವಾಗ ಒಂದೇ ಸಾಲು ಹೇಳಿ. "ಕರ್ತನೇ, ಕರುಣಿಸು" ಸಾಕು. ಅವರಿಗೆ ಕೇಳಿಸುವಂತೆ ಹೇಳಿ, ಅವರದೂ ಪ್ರಾರ್ಥನೆ ಆಗುತ್ತದೆ. ನಾನು ವರ್ಷಗಟ್ಟಲೆ ಹೀಗೆ ಮಾಡಿದ್ದೇನೆ. ಕೆಲವು ರಾತ್ರಿ ಯಾಂತ್ರಿಕವಾಗಿಯೇ ಬಾಯಿಗೆ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹದಿನೇಳನೇ ಶತಮಾನದ ಪ್ಯಾರಿಸ್ಸಿನ ಒಂದು ಮಠದಲ್ಲಿ ಲಾರೆನ್ಸ್ ಎಂಬ ಬ್ರದರ್ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು, ಆಮೇಲೆ ಚಪ್ಪಲಿ ರಿಪೇರಿ. ಪಾತ್ರೆಗಳ ಸದ್ದಿನ ಮಧ್ಯೆಯೂ ಮೊಣಕಾಲೂರಿ ಕೂತಾಗಿನಷ್ಟೇ ದೇವರ ಹತ್ತಿರ ಇದ್ದೇನೆ ಅನ್ನುತ್ತಿದ್ದರು. ಅದು ಅವರಿಗೂ ಒಂದೇ ದಿನದಲ್ಲಿ ಬಂದದ್ದಲ್ಲ, ವರ್ಷಗಳು ಹಿಡಿದವು.

ಇನ್ನೊಂದು. ನಿಮಗಾಗಿ ಪ್ರಾರ್ಥಿಸುತ್ತೇವೆ ಎನ್ನುವ ಹೆಂಗಸರ ಕೂಟದವರಿಗೆ ಹೇಳಿ: ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಒಬ್ಬರು ಬಂದು ಅತ್ತೆಯ ಹತ್ತಿರ ಕೂರಲಿ. ಆ ಎರಡು ಗಂಟೆ ನೀವು ಮಲಗಿ. ಕೇಳಲು ಸಂಕೋಚವಾದರೆ ಈ ಪುಟ ಕತ್ತರಿಸಿ ಕಳಿಸಿ.

ಪ್ರಶ್ನೆ: ನನಗೆ 78. ಡಾಕ್ಟರು ಹೃದಯದ ಬಗ್ಗೆ ಒಳ್ಳೆಯದೇನೂ ಹೇಳಲಿಲ್ಲ. ಹೆದರಿಕೆ ಇಲ್ಲ, ಆದರೆ ಕರ್ತನ ಬಳಿಗೆ ಹೋಗಲು ಚೆನ್ನಾಗಿ ಸಿದ್ಧವಾಗಬೇಕೆಂದಿದ್ದೇನೆ. ಸತ್ಯವೇದವನ್ನು ಇನ್ನೊಮ್ಮೆ ಪೂರ್ತಿ ಓದಲೇ, ಅಥವಾ ಉಪವಾಸ ಜಾಸ್ತಿ ಮಾಡಲೇ? ನನಗೆ ಯಾರ ಮೇಲೂ ದ್ವೇಷ ಇಲ್ಲ. ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತಿಲ್ಲ, ಆಸ್ತಿ ವಿಷಯ. ಅದು ಬಿಡಿ.

ಅಣ್ಣಾ, ನಿಮ್ಮ ಕೈಬರಹ ಎಷ್ಟು ಚೆನ್ನಾಗಿದೆ. ಈಗ ಯಾರೂ ಹೀಗೆ ಬರೆಯುವುದಿಲ್ಲ.

ಸಾವಿಗೆ ಸಿದ್ಧರಾದವರು ಎಂದರೆ ನನಗೆ ನೆನಪಾಗುವುದು ಸ್ಮುರ್ನದ ಪಾಲಿಕಾರ್ಪ್. ಎರಡನೇ ಶತಮಾನದ ಸಭಾಧ್ಯಕ್ಷ, ನಂಬಿಕೆ ಬಿಡದ್ದಕ್ಕೆ ಪ್ರಾಣ ಕೊಟ್ಟವರು, ನಿಮಗಿಂತಲೂ ಹಿರಿಯರು. 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ ಎಂದು ಅವರೇ ಹೇಳಿದ್ದಾರೆ. ಹಿಡಿದುಕೊಂಡು ಹೋಗಲು ರಾತ್ರಿ ಸೈನಿಕರು ಬಂದಾಗ ಅವರು ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಇಳಿದು ಬಂದು ಮೊದಲು ಮಾಡಿದ್ದು, ಬಂದವರಿಗೆ ಬೇಕಾದಷ್ಟು ಊಟ, ಕುಡಿಯಲು ಇಡಿ ಎಂದು ಹೇಳಿದ್ದು. ಆಮೇಲೆ ನನಗೊಂದು ಗಂಟೆ ಪ್ರಾರ್ಥನೆಗೆ ಬಿಡಿ ಎಂದು ಕೇಳಿದರು. ನಿಂತುಕೊಂಡೇ ಎರಡು ಗಂಟೆ ಪ್ರಾರ್ಥಿಸಿದರು, ತಮಗೆ ಪರಿಚಯವಿದ್ದವರನ್ನೆಲ್ಲ ನೆನೆದುಕೊಂಡು. ಸೈನಿಕರಿಗೇ ಇಂಥ ಮುದುಕನನ್ನು ಹಿಡಿಯಲು ಬಂದೆವಲ್ಲ ಎನ್ನಿಸಿತಂತೆ.

ನಾನು ಬಹಳ ಜನರ ಕೊನೆಯ ರಾತ್ರಿ ಹತ್ತಿರ ಇದ್ದೇನೆ. ಸಾಯುವವರು ಎಷ್ಟು ಸಲ ಸತ್ಯವೇದ ಮುಗಿಸಿದೆ ಎಂದು ಹೇಳಿದ್ದನ್ನು ಕೇಳಿಲ್ಲ. ಹೆಸರು ಹೇಳುತ್ತಾರೆ. ಮಕ್ಕಳ ಹೆಸರು, ಹೆಂಡತಿಯ ಹೆಸರು. ಒಮ್ಮೊಮ್ಮೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂಥ ಒಂದು ಹೆಸರು. "ಅವನಿಗೆ ಹೇಳಿ ಕಳಿಸಿದ್ರಾ?" ಎಂದು ಕೇಳುತ್ತಾರೆ. ಆಗ ಹೇಳಿ ಕಳಿಸಿದರೂ ಅವನು ಬರುವಷ್ಟರಲ್ಲಿ ನಾವು ಮುಖಕ್ಕೆ ಬಟ್ಟೆ ಮುಚ್ಚಿರುತ್ತೇವೆ. ಹೀಗೆ ತಡವಾಗಿ ಬಂದ ಒಬ್ಬರು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಬನ್ನಿ ಎಂದು ಎರಡು ಸಲ ಕರೆದೆ. ಬರಲಿಲ್ಲ.

ಓದುವುದಾದರೆ ಯೋಹಾನ ಬರೆದ ಸುವಾರ್ತೆ ಸಾಕು, ದಿನಕ್ಕೆ ಅರ್ಧ ಅಧ್ಯಾಯ. ಉಪವಾಸ ಬೇಡ, ನಿಮ್ಮ ಹೃದಯದ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಬ್ಯಾಂಕಿನ ಕಾಗದ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿಡಿ.

ಮತ್ತೆ, ನಾಲ್ಕು ಪುಟದ ಪತ್ರದಲ್ಲಿ ನೀವು "ಅದು ಬಿಡಿ" ಎಂದು ಬರೆದದ್ದು ಒಂದೇ ಕಡೆ. ಆಸ್ತಿ ಯಾರಿಗೆ ಸೇರಬೇಕಿತ್ತು ಎಂದು ನಾನು ಕೇಳುವುದಿಲ್ಲ, ತಮ್ಮನ ಹತ್ತಿರ ನೀವೂ ಎತ್ತಬೇಡಿ. ಊಟ ಆಯಿತಾ ಎಂದು ಕೇಳಿ. ಮೊದಲ ಸಲ ಅವರು ಫೋನ್ ಎತ್ತದಿದ್ದರೆ ಸಂಜೆ ಇನ್ನೊಮ್ಮೆ ಮಾಡಿ. ಏನಾಯಿತು ಎಂದು ನನಗೆ ಒಂದು ಕಾರ್ಡ್ ಬರೆಯಿರಿ, ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ.